ಹೊಯ್ಗೆ ಗದ್ದೆಗೆ ಬಯೋಚಾರ್ ಹಾಕಿದರೆ ಬೇಸಿಗೆಯ ತರಕಾರಿ ತಡೆಯುತ್ತದೆಯೇ?

ಕಾರವಾರದ ಹತ್ತಿರ ನಿಮ್ಮದು ಅರ್ಧ ಎಕರೆ ಹೊಯ್ಗೆ (ಮರಳು) ನೆಲ. ಮಾರ್ಚ್ ಬಂತೆಂದರೆ ತರಕಾರಿ ಬಾಡುತ್ತದೆ, ಬಾವಿ ನೀರೂ ಆ ಹೊತ್ತಿಗೆ ಸ್ವಲ್ಪ ಉಪ್ಪಾಗುತ್ತದೆ. ಬಯೋಚಾರ್, ಅಂದರೆ ಮಣ್ಣಿಗೆ ಬೆರೆಸಲೆಂದು ಸುಟ್ಟ ಇದ್ದಿಲು, ಹಾಕಿದರೆ ಬೆಳೆ ತಡೆದುಕೊಂಡೀತೇ, ಚೀಲದಲ್ಲಿ ಸಿಗುವುದನ್ನು ಕೊಳ್ಳಬೇಕೇ ಎಂದು ಕೇಳಿದ್ದೀರಿ.

ನಾನು ಕುಮಟಾ ಕಡೆಯವ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಈರುಳ್ಳಿ, ಹರಿವೆ, ಮೆಣಸಿನಕಾಯಿ ಮಾಡುತ್ತೇವೆ. ನಮ್ಮದೂ ಹೊಯ್ಗೆಯೇ. ಹಾಗಾಗಿ ನೇರವಾಗಿ ಹೇಳುತ್ತೇನೆ: ನೀರಿನ ಕೊರತೆಗೆ ಇದು ನಿಜವಾಗಿಯೂ ಸಹಾಯ ಮಾಡುತ್ತದೆ. ಉಪ್ಪಿಗೆ ಸ್ವಲ್ಪ ಮಟ್ಟಿಗೆ ಮಾತ್ರ. ಆದರೆ ಸುಟ್ಟ ಇದ್ದಿಲನ್ನು ಹಾಗೇ ತಂದು ಗದ್ದೆಗೆ ಸುರಿಯಬೇಡಿ.

ಮೊದಲ ವರ್ಷ ನಾನು ಮಾಡಿದ್ದು ಅದನ್ನೇ. ಸುಟ್ಟು, ಪುಡಿ ಮಾಡಿ, ಮಡಿಗೆ ಬೆರೆಸಿ ಈರುಳ್ಳಿ ಸಸಿ ನಾಟಿ ಮಾಡಿದೆ. ಇಪ್ಪತ್ತು ದಿನಕ್ಕೆ ಎಲೆ ಹಳದಿಯಾಯಿತು. ಪಕ್ಕದ ಮಡಿಯಲ್ಲಿ ಇದ್ದಿಲು ಹಾಕಿರಲಿಲ್ಲ, ಅಲ್ಲಿ ಸಸಿ ಹಸಿರಾಗೇ ಇತ್ತು. ಆಗ ಕಾರಣ ಗೊತ್ತಾಯಿತು. ಇದ್ದಿಲಿನ ತುಂಬ ಸಣ್ಣ ಸಣ್ಣ ತೂತು. ಅದು ಖಾಲಿ ಇದ್ದರೆ ಮಣ್ಣಿನಲ್ಲಿರುವ ಸಾರಜನಕವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಎರಡು ಸಲ ಸ್ಲರಿ (ಗೋಬರ್ ಗ್ಯಾಸ್ ಗುಂಡಿಯ ಸಗಣಿ ಬಗ್ಗಡ) ಹೊಯ್ದ ಮೇಲೆ ಸಸಿ ಚೇತರಿಸಿತು, ಆದರೆ ಗಡ್ಡೆ ಸಣ್ಣದಾಗಿಯೇ ಉಳಿಯಿತು. ಒಂದು ಬೆಳೆಯ ದುಡಿಮೆ ಹೋಯಿತಲ್ಲ ಎಂದು ತುಂಬ ಬೇಜಾರಾಗಿತ್ತು.

ಈಗ ಮೊದಲು ಇದ್ದಿಲಿನ ಹೊಟ್ಟೆ ತುಂಬಿಸುತ್ತೇನೆ. ಒಂದು ಬುಟ್ಟಿ ಇದ್ದಿಲಿಗೆ ಎರಡು ಬುಟ್ಟಿ ಹಳೇ ಗೊಬ್ಬರ. ಮೇಲಿಂದ ಗೋಬರ್ ಗ್ಯಾಸ್ ಸ್ಲರಿ, ಇದ್ದರೆ ಗೋಮೂತ್ರ. ಚೆನ್ನಾಗಿ ನೆನೆಯುವಷ್ಟು ಹೊಯ್ದು, ನೆರಳಲ್ಲಿ ರಾಶಿ ಹಾಕಿ, ತೆಂಗಿನ ಮಡಲು ಮುಚ್ಚಿ ಮೂರು ವಾರ ಬಿಡಬೇಕು. ನಡುವೆ ಒಂದೆರಡು ಸಲ ಮಗುಚಿ. ಹೀಗೆ ಮಾಡಿ ಹಾಕಿದ ಮಡಿಗೆ, ಮೊದಲು ದಿನಾ ನೀರು ಬೇಕಾಗುತ್ತಿದ್ದ ಕಡೆ, ದಿನ ಬಿಟ್ಟು ದಿನ ಹೊಯ್ದರೂ ಸಾಕಾಯಿತು. ಅದರಲ್ಲಿ ಗೊಬ್ಬರದ ಪಾಲೂ ಇದೆ, ಎಲ್ಲವೂ ಇದ್ದಿಲಿನದ್ದೇ ಎನ್ನಲಾರೆ. ಆದರೆ ಬರೀ ಗೊಬ್ಬರ ನಮ್ಮ ಹೊಯ್ಗೆಯಲ್ಲಿ ಒಂದು ಮಳೆಗಾಲ ಕಳೆಯುವುದರಲ್ಲಿ ಕರಗಿ ಹೋಗುತ್ತದೆ. ವರ್ಷಕ್ಕೆ 3,000 ಮಿ.ಮೀ. ಮಳೆ ಬೀಳುವ ಊರು ನಮ್ಮದು, ಸತ್ವವೆಲ್ಲ ತೊಳೆದು ಹೋಗುತ್ತದೆ ಅಲ್ವಾ? ಇದ್ದಿಲು ಹಾಗೆ ಕೊಳೆಯುವುದಿಲ್ಲ. ನೂರಾರು ವರ್ಷ ಮಣ್ಣಿನಲ್ಲೇ ಇರುತ್ತದೆ, ನೀರನ್ನೂ ಗೊಬ್ಬರವನ್ನೂ ಬೇರಿನ ಹತ್ತಿರ ತಡೆದು ನಿಲ್ಲಿಸುತ್ತದೆ. ಜಿಗುಟು ಮಣ್ಣಿನಲ್ಲಿ ಇಷ್ಟು ವ್ಯತ್ಯಾಸ ಕಾಣುವುದಿಲ್ಲ, ಅದು ಮೊದಲೇ ನೀರು ಹಿಡಿಯುವ ಮಣ್ಣು.

ಸುಡುವುದಕ್ಕೆ ಡ್ರಮ್ಮೇ ಬೇಕೆಂದಿಲ್ಲ. ನಾಲ್ಕು ಅಡಿ ಅಗಲ, ಎರಡು ಅಡಿ ಆಳದ ಬಾಣಲೆಯಂಥ ಹೊಂಡ ಸಾಕು. ಪೂರ್ತಿ ಒಣಗಿದ ಸಣ್ಣ ಕಟ್ಟಿಗೆಗೆ ಮೇಲಿಂದ ಬೆಂಕಿ ಹಚ್ಚಿ. ಮೇಲ್ಗಡೆ ಬಿಳಿ ಬೂದಿ ಮೂಡಲು ಶುರುವಾದ ತಕ್ಷಣ ಮುಂದಿನ ಪದರ ಹಾಕಿ. ಗಾಳಿಯನ್ನೆಲ್ಲ ಮೇಲಿನ ಜ್ವಾಲೆಯೇ ಬಳಸಿಕೊಳ್ಳುವುದರಿಂದ ಅಡಿಯಲ್ಲಿರುವುದು ಬೂದಿಯಾಗದೆ ಕೆಂಡವಾಗಿ ಉಳಿಯುತ್ತದೆ. ಹೊಂಡ ತುಂಬಿದ ಮೇಲೆ ಧಾರಾಳ ನೀರು ಹೊಯ್ದು ಆರಿಸಿ. ತುಂಡು ಮುರಿದಾಗ ಟಕ್ ಎನ್ನಬೇಕು, ಕೈಗೆ ಹತ್ತಿದ ಮಸಿ ಬರೀ ನೀರಿಗೆ ಹೋಗಬೇಕು. ಜಿಡ್ಡು ಜಿಡ್ಡಾಗಿ ಅಂಟಿದರೆ ಸರಿಯಾಗಿ ಸುಟ್ಟಿಲ್ಲ. ನೂರು ಕೆಜಿ ಒಣ ಕಟ್ಟಿಗೆಗೆ ಸುಮಾರು 20ರಿಂದ 25 ಕೆಜಿ ಇದ್ದಿಲು ಬರುತ್ತದೆ. ನಮ್ಮ ಹಿರಿಯರು ಕಸಕಡ್ಡಿಯ ಜೊತೆ ಮಣ್ಣನ್ನು ಸುಟ್ಟು ಮಾಡುತ್ತಿದ್ದ ಸುಡುಮಣ್ಣೂ ಇದರ ನೆಂಟನೇ.

ಏನನ್ನು ಸುಡಬೇಕು ಎಂಬುದು ನನಗೆ ದೊಡ್ಡ ವಿಷಯ. ದರಕು (ಉದುರಿದ ಒಣ ಎಲೆ), ಹುಲ್ಲು, ಬಾಳೆ ಸುಡಬೇಡಿ. ಕೊಳೆಯುವಂಥದ್ದು ಕೊಳೆತು ಗೊಬ್ಬರವಾಗಲಿ, ಇಲ್ಲವೇ ಗಿಡದ ಬುಡಕ್ಕೆ ಮುಚ್ಚಿಗೆಯಾಗಲಿ. ಬೇಗ ಕೊಳೆಯದ ಗೇರು ಟೊಂಗೆ, ಗಾಳಿಮರದ ಕೊಂಬೆ, ತೆಂಗಿನ ಕರಟ ಇಂಥವನ್ನು ಸುಡಿ. ಹಿನ್ನೀರಿನಲ್ಲಿ ನೆನೆಸಿಟ್ಟ ತೆಂಗಿನ ಸಿಪ್ಪೆ ಮಾತ್ರ ಬೇಡ, ಅದರ ಉಪ್ಪು ನಿಮ್ಮ ಗದ್ದೆಗೇ ಬರುತ್ತದೆ. ಇದ್ದಿಲಿಗಾಗಿ ಬೆಟ್ಟದ ಹಸಿ ಮರ ಕಡಿಯುವುದಂತೂ ಬೇಡವೇ ಬೇಡ.

ಉಪ್ಪಿನ ವಿಷಯ. ಇದ್ದಿಲು ಉಪ್ಪನ್ನು ಓಡಿಸುವುದಿಲ್ಲ. ಉಪ್ಪು ಹೋಗುವುದು ಸಿಹಿ ನೀರು ಹರಿದಾಗ ಮಾತ್ರ, ಅಂದರೆ ನಮ್ಮಲ್ಲಿ ಮಳೆಗಾಲದಲ್ಲಿ. ಇದ್ದಿಲು ಮಣ್ಣನ್ನು ಹಸಿಯಾಗಿ ಇಡುವುದರಿಂದ ಬೇರಿನ ಸುತ್ತ ಉಪ್ಪು ಅಷ್ಟು ಗಟ್ಟಿಯಾಗುವುದಿಲ್ಲ, ಗಿಡಕ್ಕೆ ಸ್ವಲ್ಪ ಉಸಿರಾಡಲು ಆಗುತ್ತದೆ. ಭರತದ (ಸಮುದ್ರದ ಉಬ್ಬರದ) ನೀರು ನುಗ್ಗುವ ಗಜನಿ, ಅಂದರೆ ಹೊಳೆ ದಂಡೆಯ ತಗ್ಗು ಗದ್ದೆಯಾದರೆ ಇದ್ದಿಲಿಗೆ ದುಡ್ಡು ಹಾಕಬೇಡಿ. ಅಲ್ಲಿ ಬೇಕಾದದ್ದು ಉಪ್ಪು ನೀರು ತಡೆಯುವ ಗಟ್ಟಿ ಒಡ್ಡು, ಮತ್ತೆ ಉಪ್ಪು ತಡೆಯುವ ಕಗ್ಗ ಭತ್ತ. ಅಘನಾಶಿನಿ ನದಿ ದಂಡೆಯ ಮಾಣಿಕಟ್ಟಾ ಊರಿನ ಕಡೆ ಹೋಗಿ ಇದನ್ನು ಒಮ್ಮೆ ನೋಡಿ ಬನ್ನಿ.

ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ರೈತ ಸಂಪರ್ಕ ಕೇಂದ್ರದಲ್ಲೂ ಕೇಳಬಹುದು. ಇದ್ದಿಲು ಸಾಮಾನ್ಯವಾಗಿ ಮಣ್ಣಿನ ಹುಳಿ ಕಡಿಮೆ ಮಾಡುತ್ತದೆ. ನಮ್ಮ ಹುಳಿ ಮಣ್ಣಿಗೆ ಅದು ಒಳ್ಳೆಯದೇ, ಮೊದಲೇ ಕ್ಷಾರವಿದ್ದ ನೆಲಕ್ಕೆ ಅಲ್ಲ.

ಪ್ರಮಾಣ ಚದರ ಮೀಟರಿಗೆ ಒಂದು ಕೆಜಿ, ಮೇಲಿನ ಒಂದು ಗೇಣು ಮಣ್ಣಿಗೆ. ಅಂದರೆ ಗುಂಟೆಗೆ ಸುಮಾರು 100 ಕೆಜಿ. ನಿಮ್ಮ ಅರ್ಧ ಎಕರೆಗೆ 2,000 ಕೆಜಿ ಆಗುತ್ತದೆ! ಅಷ್ಟನ್ನು ಚೀಲದಲ್ಲಿ ಕೊಂಡರೆ ತರಕಾರಿ ಮಾರಿ ಆ ದುಡ್ಡು ಹುಟ್ಟುವುದು ಕಷ್ಟ. ಕೊಳ್ಳಬೇಡಿ. ಒಮ್ಮೆ ಹಾಕಿದ್ದನ್ನು ವಾಪಸ್ ತೆಗೆಯಲೂ ಆಗುವುದಿಲ್ಲ. ಈ ವರ್ಷ ಎರಡು ಮಡಿ ಸಾಕು, ಒಂದಕ್ಕೆ ಇದ್ದಿಲು ಬೆರೆಸಿದ ಗೊಬ್ಬರ, ಇನ್ನೊಂದಕ್ಕೆ ಬರೀ ಗೊಬ್ಬರ. ಸಸಿ, ನೀರು ಎರಡಕ್ಕೂ ಒಂದೇ ಇರಲಿ. ಮಾರ್ಚ್ ಬಿಸಿಲಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಯಾವ ಮಡಿ ಮೊದಲು ಬಾಡುತ್ತದೆ ನೋಡಿ.