ಐದು ಮಂದಿ ಸೇರಿ ಒಂದೇ ಚಿತ್ರ ಬರೆಯೋದು ಹೇಗೆ?

ಪ್ರಶ್ನೆ: ಧಾರವಾಡದಾಗ ನಾವು ಐದು ಮಂದಿ ಕೂಡಿ ಕಲಾ ಗುಂಪು ಮಾಡೀವಿ. ಗ್ವಾಡಿಗೆ ಹಚ್ಚಿದ ಒಂದೇ ಅರಿವೆ ಮ್ಯಾಲೆ ಬರೆಯಾಕ ಹೋದ್ರ ಒಬ್ಬೊಬ್ಬರು ಒಂದೊಂದು ಮೂಲಿ ಹಿಡೀತೀವಿ. ಬಣ್ಣಕ್ಕಂತ ಎರಿ (ಕಪ್ಪು) ಮಣ್ಣು ಹಚ್ಚಿದ್ರ ಒಡೀತದ. ಏನು ಮಾಡೂದ್ರಿ?

ಉತ್ತರ: ಮೂಲೆ ಹಿಡಿಯಲು ಕಾರಣ ಅರಿವೆಯನ್ನು ಗೋಡೆಗೆ ಹಚ್ಚಿದ್ದು. ಗೋಡೆ ಮುಂದೆ ನಿಂತರೆ ಪ್ರತಿಯೊಬ್ಬರಿಗೂ ತಮ್ಮ ಎದುರಿನ ಜಾಗವಷ್ಟೇ ಕಾಣುತ್ತದೆ. 3 ಮೀಟರ್ ಖಾದಿಯನ್ನು ಒಮ್ಮೆ ಒಗೆದು ಗಂಜಿ ತೆಗೆದು, ನೆಲಕ್ಕೆ ಹಾಸಿ ಸುತ್ತ ಕೂಡ್ರಿ. 15 ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ. ಎಲ್ಲರೂ ಬಲಕ್ಕೆ ಒಂದು ಜಾಗ ಸರಿಯಬೇಕು. ಐದು ಸುತ್ತಿಗೆ ಎಲ್ಲರ ಕೈ ಎಲ್ಲ ಕಡೆ ಆಡಿರುತ್ತದೆ.

ಚಿತ್ರ ಏನಿರಬೇಕೆಂದು ಚರ್ಚೆಗೆ ಕೂಡಬೇಡಿ, ಚಹಾ ಮುಗಿಯುತ್ತದೆ, ಚರ್ಚೆ ಮುಗಿಯುವುದಿಲ್ಲ. ತೀರ್ಮಾನಿಸಬೇಕಾದದ್ದು ಅಳಿಸುವ ಹಕ್ಕು. ಮೊದಲೆರಡು ಸುತ್ತಿನಲ್ಲಿ ಯಾರೂ ಇನ್ನೊಬ್ಬರದ್ದನ್ನು ಮುಚ್ಚಬಾರದು. ಮೂರನೆಯದರಿಂದ ಸುತ್ತಿಗೊಮ್ಮೆ ಅಂಗೈಯಗಲದಷ್ಟು ಮುಚ್ಚಬಹುದು, ಕೇಳದೆ, ಕಾರಣ ಹೇಳದೆ. ಈ ನಿಯಮ ಇಲ್ಲದಿದ್ದರೆ ಎಲ್ಲರೂ ಮರ್ಯಾದೆಗಾಗಿ ಖಾಲಿ ಜಾಗಕ್ಕೆ ಬಳ್ಳಿ, ಚುಕ್ಕೆ ತುಂಬುತ್ತಾರೆ. ನೋಡಲು ಚೆಂದ, ಆದರೆ ಅದರಲ್ಲಿ ಜೀವ ಇರುವುದಿಲ್ಲ. ಪ್ಯಾರಿಸ್ಸಿನ ಸರ್ರಿಯಲಿಸ್ಟರು (ಕನಸಿನಂಥ ಚಿತ್ರ, ಬರಹ ಮಾಡಿದ ಕಲಾವಿದರ ಗುಂಪು) 1925ರ ಸುಮಾರಿಗೆ ಆಡಿದ ಕಾಗದ ಮಡಚುವ ಆಟವೂ ಒಳ್ಳೆಯದೇ. ಹಿಂದಿನವರ ಗೆರೆಯ ತುದಿ ಮಾತ್ರ ಕಾಣುವಂತೆ ಮಡಚಿ ಮುಂದಿನವರಿಗೆ ಕೊಡುವುದು. ಆದರೆ ಹಸಿ ಮಣ್ಣಿನ ಅರಿವೆ ಮಡಚಿದರೆ ಬಣ್ಣ ಆಚೆ ಮೈಗೆ ಅಂಟುತ್ತದೆ, ಅದನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಆಡಿ.

ಇನ್ನು ಮಣ್ಣು. ನವಲಗುಂದ ಕಡೆಯ ಹೊಲ ಬ್ಯಾಸಗಿಯಲ್ಲಿ ಬಿರಿಯುವುದನ್ನು ನೋಡಿದ್ದೀರಲ್ಲ, ಅರಿವೆ ಮೇಲೂ ಅದೇ ಆಗುತ್ತದೆ. ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಪ್ಪ ಬಳಿದಷ್ಟೂ ಸೀಳು ದೊಡ್ಡದು. ಒಂದು ಬೋಗುಣಿ ಮಣ್ಣಿಗೆ ಐದು ಬೋಗುಣಿ ನೀರು ಹಾಕಿ ಕಲಕಿ, ಒಂದು ನಿಮಿಷ ಬಿಟ್ಟು, ಮೇಲಿನ ರಾಡಿಯನ್ನಷ್ಟೇ ಬೇರೆ ಪಾತ್ರೆಗೆ ಬಸಿಯಿರಿ. ಉಸುಕು ತಳದಲ್ಲೇ ಉಳಿಯುತ್ತದೆ. ರಾಡಿ ಒಂದು ದಿನ ತಂಗಲಿ, ಮೇಲಿನ ನೀರು ಚೆಲ್ಲಿ. ಹೀಗೇ ತೊಳೆದ ಮಸಾರಿ (ಕೆಂಪು) ಮಣ್ಣನ್ನು ಮೂರರಲ್ಲಿ ಒಂದು ಪಾಲು ಬೆರೆಸಿದರೆ ಬಿರಿಯುವುದು ಬಹಳ ಕಡಿಮೆ. ಬಣ್ಣ ಕಂದಿಗೆ ತಿರುಗುತ್ತದೆ; ಕಪ್ಪೇ ಬೇಕೆಂದರೆ ದೀಪದ ಕಾಡಿಗೆ ಸೇರಿಸಿ.

ಅಂಟಿಗೆ ಹುಣಸೆ ಬೀಜದ ಹಿಟ್ಟು 40 ಗ್ರಾಂ, ನೀರು ಒಂದು ಲೀಟರ್. ತಣ್ಣೀರಿನಲ್ಲೇ ಕಲಸಿ (ಬಿಸಿ ನೀರಿಗೆ ಹಾಕಿದರೆ ಗಂಟು), ಸಣ್ಣ ಉರಿಯಲ್ಲಿ 25 ನಿಮಿಷ ಕೈಯಾಡಿಸಿ. ಆ ದಿನಕ್ಕೆ ಬೇಕಾದಷ್ಟೇ ಮಾಡಿ, ಮರುದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ತಂಗಿದ ಮಣ್ಣಿನ ರಾಡಿಗೆ ಸಮಪಾಲು ಅಂಟು ಬೆರೆಸಿ, ತುಂಡು ಅರಿವೆ ಮೇಲೆ ಬಳಿದು ಒಣಗಿಸಿ, ಹೆಬ್ಬೆರಳಿನಿಂದ ಉಜ್ಜಿ. ಪುಡಿ ಬಂದರೆ ಅಂಟು ಕಡಿಮೆ, ಚಕ್ಕೆ ಎದ್ದರೆ ಹೆಚ್ಚು. ತೆಳುವಾಗಿ ಮೂರು ಸಲ ಬಳಿಯಿರಿ, ಪ್ರತಿ ಸಲವೂ ಪೂರ್ತಿ ಒಣಗಬೇಕು. ಗಂಟೆ ಬಾರಿಸಿದ ಮೇಲೆ ಮುಂದಿನ ಸುತ್ತು ಹಿಡಿಯುವ ಮುಂಚೆಯೂ ಹಾಗೇ ಒಣಗಲು ಬಿಡಿ, ಇಲ್ಲದಿದ್ದರೆ ಐವರ ಕೆಲಸ ಕೂಡಿ ಕೆಸರಾಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇದಕ್ಕೆ ಕೈ ಹಾಕದಿರುವುದೇ ವಾಸಿ.

ಹೆಸರು ಐವರದ್ದೂ ಹಿಂಬದಿಗೆ. ಮಾರಿದರೆ ಯಾರಿಗೆಷ್ಟು ಎಂಬುದನ್ನು ಬರೆಯುವ ಮುಂಚೆಯೇ ಮಾತಾಡಿಕೊಳ್ಳಿ. ಮುಗಿದ ಅರಿವೆಯನ್ನು ಮಡಚದೆ, ಬಣ್ಣದ ಮೈ ಹೊರಗೆ ಬರುವಂತೆ ದಪ್ಪ ಪಿವಿಸಿ ಪೈಪಿಗೆ ಸುತ್ತಿಡಿ. ಹುಣಸೆ ಅಂಟಿಗೆ ಹುಳ ಬರುತ್ತದೆ, ಒಣ ಬೇವಿನೆಲೆ ಹಾಕಿ, ತಿಂಗಳಿಗೊಮ್ಮೆ ಬಿಚ್ಚಿ ನೋಡ್ರಿ.