ಶ್ರೀನಾಥ್ ಆಡಿದ್ದು ಯಾವ ಕೌಂಟಿಯಲ್ಲಿ?

ಪತ್ರ: 1995ರಲ್ಲಿ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್ ಕೌಂಟಿ ಪರ ಆಡಿದರು ಎಂದು ಬರೆದಿದ್ದೀರಿ. ಅವರ ಮೈದಾನ ಇರುವುದು ಬ್ರಿಸ್ಟಲ್‌ನಲ್ಲಿ. ನನ್ನ ಹಳೇ ಅಟ್ಲಾಸ್ ಪ್ರಕಾರ ಬ್ರಿಸ್ಟಲ್ ‘ಏವನ್’ ಕೌಂಟಿಗೆ ಸೇರಿದ್ದು. ಮೊಮ್ಮಗಳ ಫೋನಿನಲ್ಲಿ ನೋಡಿದರೆ ಏವನ್ ಇಲ್ಲವೇ ಇಲ್ಲ, ಬ್ರಿಸ್ಟಲ್ಲೇ ಒಂದು ಕೌಂಟಿ! ಯಾವುದು ಸರಿ?
– ನಿವೃತ್ತ ಮೇಷ್ಟ್ರು, ತಿಪಟೂರು

ಸಂಪಾದಕರ ಉತ್ತರ: ಮೇಷ್ಟ್ರೇ, ಮೂರೂ ಸರಿ. ತಮಾಷೆಗೆ ಹೇಳುತ್ತಿಲ್ಲ.

ಇಂಗ್ಲೆಂಡಿನಲ್ಲಿ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಒಂದೇ ಗಡಿ ಇಲ್ಲ. ರಸ್ತೆ, ಶಾಲೆ, ಕಸ ನೋಡಿಕೊಳ್ಳುವ ಕೌನ್ಸಿಲ್‌ಗಳದ್ದು ಒಂದು ಗಡಿ. ರಾಜರ ಪ್ರತಿನಿಧಿ ಲಾರ್ಡ್ ಲೆಫ್ಟಿನೆಂಟ್‌ಗೆ ಸೇರಿದ ‘ಸೆರಿಮೋನಿಯಲ್ ಕೌಂಟಿ’ಯದ್ದು ಇನ್ನೊಂದು. ಜನರ ಮನಸ್ಸಿನಲ್ಲಿ ಉಳಿದ ಹಳೇ ಕೌಂಟಿಯದ್ದು ಮತ್ತೊಂದು. ಕ್ರಿಕೆಟ್ ಕ್ಲಬ್ಬುಗಳು ಬಿಡದೆ ಹಿಡಿದುಕೊಂಡಿರುವುದು ಈ ಮೂರನೆಯದನ್ನು.

ಲಾರ್ಡ್ ಲೆಫ್ಟಿನೆಂಟ್ ಹುದ್ದೆ 16ನೇ ಶತಮಾನದ್ದು. ಕೌಂಟಿಯ ಪಡೆ ಕಟ್ಟುವುದು ಆಗ ಅವರ ಕೆಲಸ. 1871ರಲ್ಲಿ ಆ ಅಧಿಕಾರ ಹೋಯಿತು. ಈಗ ಅರಮನೆಯವರು ಬಂದರೆ ಸ್ವಾಗತಿಸುವುದು, ಪದಕ ಕೊಡುವುದು, ಇಂಥವೇ ಜಾಸ್ತಿ. ಜಿಲ್ಲೆಗೊಬ್ಬ ರಾಜ್ಯಪಾಲರು ಅಂದುಕೊಳ್ಳಿ, ಸಹಿಗೆ ಫೈಲ್ ಮಾತ್ರ ಬರುವುದಿಲ್ಲ. ಅಲ್ಲಿ ಪೌರತ್ವ ಪಡೆದ ಕನ್ನಡಿಗರನ್ನು ಕೇಳಿ ನೋಡಿ. ಪ್ರಮಾಣವಚನದ ದಿನ ಇವರನ್ನೋ ಇವರ ಡೆಪ್ಯುಟಿಯನ್ನೋ ನೋಡಿರುತ್ತಾರೆ.

ಈಗ ಬ್ರಿಸ್ಟಲ್‌ಗೆ ಬರೋಣ. 1373ರಲ್ಲೇ ದೊರೆ ಮೂರನೇ ಎಡ್ವರ್ಡ್ ಅದನ್ನು ಪ್ರತ್ಯೇಕ ಕೌಂಟಿ ಮಾಡಿದ್ದ. 1974ರ ಏಪ್ರಿಲ್ 1ರಂದು ಸರಕಾರ ಇಡೀ ದೇಶದ ಗಡಿಗಳನ್ನು ಕಲಸಿಬಿಟ್ಟಿತು. ಗ್ಲಾಸ್ಟರ್‌ಶೈರ್‌ನ ದಕ್ಷಿಣ ಭಾಗ, ಸಾಮರ್ಸೆಟ್‌ನ ಉತ್ತರ ಭಾಗ, ಬಾತ್, ಬ್ರಿಸ್ಟಲ್ ಎಲ್ಲ ಸೇರಿ ಏವನ್ ಆಯಿತು. 22 ವರ್ಷಕ್ಕೆ, 1996ರ ಏಪ್ರಿಲ್ 1ರಂದು, ಅದನ್ನು ರದ್ದು ಮಾಡಿದರು. ಹಳೇ ಭಾಗಗಳು ಸೆರಿಮೋನಿಯಲ್ ಲೆಕ್ಕದಲ್ಲಿ ಗ್ಲಾಸ್ಟರ್‌ಶೈರ್‌ಗೂ ಸಾಮರ್ಸೆಟ್‌ಗೂ ವಾಪಸ್ ಹೋದವು. ಬ್ರಿಸ್ಟಲ್ ಮತ್ತೆ ಒಂಟಿ ಕೌಂಟಿಯಾಯಿತು. ಅಂದರೆ ಶ್ರೀನಾಥ್ 87 ವಿಕೆಟ್ ಕಿತ್ತ ಆ ಸೀಸನ್‌ನಲ್ಲಿ ಟೀಮು ಗ್ಲಾಸ್ಟರ್‌ಶೈರ್, ಮೈದಾನ ಏವನ್‌ನಲ್ಲಿ! ಅಲ್ಲಿನ ಪೊಲೀಸರ ಬೋರ್ಡಿನಲ್ಲಿ ಮಾತ್ರ ಇವತ್ತಿಗೂ ‘ಏವನ್ ಅಂಡ್ ಸಾಮರ್ಸೆಟ್’ ಎಂದೇ ಇದೆ.

ಏವನ್ ಪರವಾಗಿಲ್ಲ. ನನ್ನ ಕೇಳಿದರೆ 1974ರ ಅತಿ ಪೆದ್ದ ಕೆಲಸ ಹಂಬರ್‌ಸೈಡ್. ಅಗಲವಾದ ಹಂಬರ್ ಅಳಿವೆಯ ಉತ್ತರದ ಯಾರ್ಕ್‌ಶೈರ್ ದಡವನ್ನೂ ದಕ್ಷಿಣದ ಲಿಂಕನ್‌ಶೈರ್ ದಡವನ್ನೂ ಸೇರಿಸಿ ಒಂದೇ ಕೌಂಟಿ ಮಾಡಿದರು. ಎರಡನ್ನೂ ಜೋಡಿಸುವ ಹಂಬರ್ ಸೇತುವೆ ತೆರೆದದ್ದು 1981ರಲ್ಲಿ! ಹಂಬರ್‌ಸೈಡ್ ಕೌಂಟಿಯೂ 1996ರಲ್ಲಿ ಏವನ್ ಜೊತೆಗೇ ಹೋಯಿತು. 1974ರಲ್ಲಿ ಲೆಸ್ಟರ್‌ಶೈರ್ ನುಂಗಿದ್ದ ಪುಟ್ಟ ರಟ್‌ಲ್ಯಾಂಡ್ 1997ರಲ್ಲಿ ಮತ್ತೆ ಬೇರೆಯಾಯಿತು.

ಕ್ರಿಕೆಟ್ ಕಡೆ ಇನ್ನೂ ಮಜಾ ಇದೆ. ಮಿಡಲ್‌ಸೆಕ್ಸ್ ತಂಡದ ಮನೆ ಲಾರ್ಡ್ಸ್. ಆ ಜಾಗ 1889ರಲ್ಲೇ ಲಂಡನ್ ಕೌಂಟಿಗೆ ಹೋಯಿತು. 1965ರಲ್ಲಿ ಮಿಡಲ್‌ಸೆಕ್ಸ್ ಕೌಂಟಿಯೇ ಮುಗಿಯಿತು. ಬಹುಪಾಲು ಗ್ರೇಟರ್ ಲಂಡನ್ ಪಾಲಾಯಿತು, ಪಾಟರ್ಸ್ ಬಾರ್ ಹರ್ಟ್‌ಫರ್ಡ್‌ಶೈರ್‌ಗೆ, ಸ್ಟೇನ್ಸ್ ಸರ‍್ರಿಗೆ ಹೋದವು. ತಂಡ ಆಡುತ್ತಲೇ ಇದೆ. 2006ರಲ್ಲಿ ಅನಿಲ್ ಕುಂಬ್ಳೆ ಆಡಿದ ಸರ‍್ರಿಯ ಓವಲ್ ಮೈದಾನವೂ ಹೀಗೇ ಲಂಡನ್‌ಗೆ ಸೇರಿಹೋಗಿದೆ.

ಎಲ್ಲ ಗಡಿಯೂ ಒಟ್ಟಿಗೆ ಬದಲಾಗಬೇಕಲ್ವಾ ಅಂತ ನೀವು ಕೇಳಬಹುದು. ಸೆರಿಮೋನಿಯಲ್ ಕೌಂಟಿಗಳ ಪಟ್ಟಿ 1997ರ ಒಂದು ಕಾಯ್ದೆಯಲ್ಲಿದೆ. ಇಂಗ್ಲೆಂಡಿನಲ್ಲಿ ಅಂಥವು 48. ಕೌನ್ಸಿಲ್‌ಗಳು ಬದಲಾದಾಗ ಸರಕಾರ ಆ ಪಟ್ಟಿಯನ್ನೂ ತಿದ್ದುತ್ತದೆ, ಆದರೆ ಎರಡೂ ಗಡಿ ತಾಳೆಯಾಗಲೇಬೇಕು ಅಂತೇನಿಲ್ಲ. ಸ್ಟಾಕ್‌ಟನ್-ಆನ್-ಟೀಸ್‌ಗೆ ಕೌನ್ಸಿಲ್ ಒಂದೇ. ಟೀಸ್ ನದಿಯ ಉತ್ತರಕ್ಕಿರುವವರಿಗೆ ಡರಮ್‌ನ ಲಾರ್ಡ್ ಲೆಫ್ಟಿನೆಂಟ್, ದಕ್ಷಿಣಕ್ಕಿರುವವರಿಗೆ ನಾರ್ತ್ ಯಾರ್ಕ್‌ಶೈರ್‌ನವರು. ಕಂಬ್ರಿಯಾದಲ್ಲಿ ಇದರ ಉಲ್ಟಾ. ಕೌಂಟಿ ಕೌನ್ಸಿಲ್ 2023ರ ಏಪ್ರಿಲ್‌ನಲ್ಲಿ ರದ್ದಾಗಿ ಎರಡು ಹೊಸ ಕೌನ್ಸಿಲ್ ಬಂದವು. ಲಾರ್ಡ್ ಲೆಫ್ಟಿನೆಂಟ್ ಮಾತ್ರ ಇಡೀ ಕಂಬ್ರಿಯಾಕ್ಕೆ ಒಬ್ಬರೇ.