ನಿಮ್ಮ ಲೇಖನ ನಗುಮುಖದಲ್ಲೇ ನಿಂತಿದೆ, ರಕ್ತನಾಳಕ್ಕೆ ಇಳಿದಿಲ್ಲ

ನಮಸ್ಕಾರ.

‘ವಿಲಿಯಮ್ಸ್ ಸಿಂಡ್ರೋಮ್ ಮತ್ತು ಅಧಿಕ ರಕ್ತದೊತ್ತಡ’ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇವೆ. ಮೊದಲ ನಾಲ್ಕು ಪ್ಯಾರಾ, ಹುಟ್ಟಿನಿಂದಲೇ ಈ ವಂಶವಾಹಿ ತೊಂದರೆಯಿರುವ ಮಕ್ಕಳ ನಗುಮುಖ, ಸಂಗೀತದ ಒಲವು, ಅಪರಿಚಿತರೊಂದಿಗೂ ಬೆರೆಯುವ ಗುಣಕ್ಕೇ ಖರ್ಚಾಗಿವೆ. ಶೀರ್ಷಿಕೆಯಲ್ಲಿರುವ ಬಿಪಿ ಐದನೆಯದರಲ್ಲಿ ಇಣುಕಿ, ಎರಡು ವಾಕ್ಯ ಆಡಿ ಎದ್ದುಹೋಗುತ್ತದೆ.

ದೊಡ್ಡ ತಪ್ಪು ಅಲ್ಲೇ ಇದೆ. ‘ಇಲಾಸ್ಟಿನ್ ಕಡಿಮೆಯಾಗಿ ರಕ್ತನಾಳ ಸಡಿಲಗೊಂಡು ಉಬ್ಬುತ್ತದೆ’ ಎಂದಿದ್ದೀರಿ. ಹೃದಯದಿಂದ ಹೊರಡುವ ದೊಡ್ಡ ನಾಳ, ಅಂದರೆ ಮಹಾಪಧಮನಿ ಉಬ್ಬುವುದು ಬೇರೆಯದೇ ಕಾಯಿಲೆಯಾದ ಮಾರ್ಫಾನ್ ಸಿಂಡ್ರೋಮ್‌ನಲ್ಲಿ. ಇಲ್ಲಿ ಆಗುವುದು ತದ್ವಿರುದ್ಧ. 7ನೇ ವರ್ಣತಂತುವಿನ ಒಂದು ಪ್ರತಿಯಿಂದ ಸುಮಾರು 26ರಿಂದ 28 ವಂಶವಾಹಿಗಳಿರುವ ತುಣುಕೇ ಕಾಣೆಯಾಗಿರುತ್ತದೆ. ಇಲಾಸ್ಟಿನ್‌ನ ವಂಶವಾಹಿ ಅದರಲ್ಲೊಂದು. ಇಲಾಸ್ಟಿನ್ ಬರೀ ಹಿಗ್ಗಿ ಕುಗ್ಗುವ ಎಳೆಯಲ್ಲ, ನಾಳದ ಗೋಡೆಯ ನಯಸ್ನಾಯು ಕೋಶಗಳನ್ನು ಹದ್ದುಬಸ್ತಿನಲ್ಲಿಡುವುದೂ ಅದೇ. ಅದು ಅರ್ಧಕ್ಕಿಳಿದರೆ ಕೋಶಗಳು ಮಿತಿಮೀರಿ ಬೆಳೆದು ಗೋಡೆ ದಪ್ಪವಾಗುತ್ತದೆ, ಗಡುಸಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಕೊಲೆಸ್ಟರಾಲ್ ಕಟ್ಟಿಕೊಂಡದ್ದಲ್ಲ. ಹಾಗಾಗಿ ‘ಕರಿದ ತಿಂಡಿ ಬಿಟ್ಟರೆ ನಾಳ ತೆರೆಯುತ್ತದೆ’ ಎಂಬ ಸಾಲನ್ನು ಹೊಡೆದುಹಾಕಿ.

ಕಿರಿದಾಗುವುದು ಎಲ್ಲಿ ಎಂದು ಬರೆದೇ ಇಲ್ಲ. ಮುಖ್ಯ ಜಾಗ, ಮಹಾಪಧಮನಿಯ ಕವಾಟದ ತುಸು ಮೇಲೆ. ಶ್ವಾಸಕೋಶದ ಅಪಧಮನಿಯ ಕವಲುಗಳಲ್ಲೂ ಉಂಟು. ಅದು ವಯಸ್ಸಾದಂತೆ ಸಾಮಾನ್ಯವಾಗಿ ಸುಧಾರಿಸುತ್ತದೆ, ಮೊದಲನೆಯದು ಹೆಚ್ಚಾಗಲೂಬಹುದು. ಮೂತ್ರಪಿಂಡಕ್ಕೆ ಹೋಗುವ ಅಪಧಮನಿ ಕಿರಿದಾದರೆ, ರಕ್ತ ಸಾಲದು ಎಂದುಕೊಂಡ ಮೂತ್ರಪಿಂಡ ರೆನಿನ್ ಎಂಬ ಕಿಣ್ವ ಸುರಿಸಿ ಇಡೀ ದೇಹದ ಒತ್ತಡ ಏರಿಸುತ್ತದೆ. ಆದರೆ ‘ಬಿಪಿಗೆ ಕಾರಣ ಮೂತ್ರಪಿಂಡ’ ಎಂದು ಷರಾ ಬರೆಯಬೇಡಿ. ಬಿಪಿ ಏರಿದ ಅನೇಕರಲ್ಲಿ ಆ ಅಪಧಮನಿ ಸರಿಯಾಗಿಯೇ ಇರುತ್ತದೆ. ಗಡುಸಾದ ಗೋಡೆಯೇ ಸಾಕು.

‘ತೋಳಿಗೆ ಪಟ್ಟಿ ಕಟ್ಟಿ ಅಳೆಯಿರಿ’ ಎಂದು ಮುಗಿಸಿದ್ದೀರಿ. ಯಾವ ತೋಳು? ಓದುಗರಿಗೆ ಬೇಕಾದದ್ದೇ ಇದು. ಕವಾಟದ ಮೇಲಿನ ಇಕ್ಕಟ್ಟಿನಿಂದ ಚಿಮ್ಮುವ ರಕ್ತದ ಧಾರೆ ಮಹಾಪಧಮನಿಯ ಹೊರಗೋಡೆಗೆ ಅಂಟಿಕೊಂಡೇ ಸಾಗಿ ಬಲತೋಳಿನ ಕಡೆಯ ಕವಲಿಗೆ ನುಗ್ಗುತ್ತದೆ. ಬಲತೋಳಿನಲ್ಲಿ ಎಡಕ್ಕಿಂತ ಹೆಚ್ಚು ಬರುವುದು ಅದಕ್ಕೇ. ಎರಡೂ ತೋಳು ಅಳೆದು, ಯಾವುದರದು ಎಷ್ಟು ಎಂದು ಬರೆದಿಡದಿದ್ದರೆ ಮುಂದಿನ ವರ್ಷದ ಅಂಕಿಯ ಜತೆ ಹೋಲಿಸಲು ಏನೂ ಉಳಿಯದು. ಕಾಲಿನದನ್ನೂ ನೋಡಬೇಕು. ಕಾಲಿನ ಬಿಪಿಯ ಮೇಲಿನ (ಸಿಸ್ಟೋಲಿಕ್) ಅಂಕಿ ಸಾಮಾನ್ಯವಾಗಿ ತೋಳಿನದಕ್ಕೆ ಸಮ ಅಥವಾ ಹೆಚ್ಚು. ಎದ್ದುಕಾಣುವಷ್ಟು ಕಡಿಮೆಯಿದ್ದರೆ ಎದೆ ಅಥವಾ ಹೊಟ್ಟೆಯ ಮಹಾಪಧಮನಿ ಕಿರಿದಾಗಿರುವ ಶಂಕೆ.

ಪಟ್ಟಿಯ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟು, ಉದ್ದ ಶೇ. 80ರಿಂದ 100. ಚಿಕ್ಕದಾದರೆ ಇಲ್ಲದ ಬಿಪಿ ಕಾಣಿಸುತ್ತದೆ. ಈ ಮಕ್ಕಳಿಗೆ ಆತಂಕವೂ ಜಾಸ್ತಿ, ಸದ್ದಿಗೂ ಬೆಚ್ಚುತ್ತಾರೆ. ಪಂಪಿನ ಸದ್ದಿಗೇ ಅಂಕಿ ಏರುವುದರಿಂದ ಅನುಮಾನವಿದ್ದರೆ 24 ಗಂಟೆಯ ದಾಖಲೆ ಬೇಕು. ಇನ್ನು ನೀವು ಆರು ವರ್ಷದ ಮಗುವಿಗೆ ಹಚ್ಚಿದ 130/80ರ ಗೆರೆ 13 ವರ್ಷ ತುಂಬಿದವರದು. ಅದಕ್ಕೂ ಕೆಳಗೆ ವಯಸ್ಸು, ಲಿಂಗ, ಎತ್ತರ ಸೇರಿಸಿ ಕೋಷ್ಟಕ ನೋಡಬೇಕು.

ಮಾತ್ರೆಗಳ ಪಟ್ಟಿ ತೆಗೆಯಿರಿ. ಅದರಲ್ಲಿರುವ ಬಿಪಿ ಇಳಿಸುವ ಎನಲಾಪ್ರಿಲ್, ಎರಡೂ ಮೂತ್ರಪಿಂಡದ ಅಪಧಮನಿ ಕಿರಿದಾಗಿದ್ದರೆ ಮೂತ್ರಪಿಂಡದ ಕೆಲಸವನ್ನೇ ಕುಗ್ಗಿಸಬಲ್ಲದು. ವಿಟಮಿನ್ ಡಿ ಸಲಹೆಯೂ ಬೇಡ. ಇವರಲ್ಲಿ ರಕ್ತದ ಕ್ಯಾಲ್ಸಿಯಂ ಏರುವುದುಂಟು, ವಿಟಮಿನ್ ಡಿ ಅದನ್ನು ಇನ್ನಷ್ಟು ಏರಿಸಬಲ್ಲದು.

ಕೊನೆಯ ಸಾಲಿನಲ್ಲಿ ‘ಹಲ್ಲಿನ ಚಿಕಿತ್ಸೆಗೆ ಮಂಪರು ಕೊಡಿಸಿದರೆ ಮಗು ಸುಮ್ಮನಿರುತ್ತದೆ’ ಎಂದಿದ್ದೀರಿ. ಈ ಸಾಲು ಜೀವಕ್ಕೇ ಅಪಾಯ. ಹೃದಯದ ಸ್ನಾಯು ದಪ್ಪವಾಗಿ, ಅದಕ್ಕೆ ರಕ್ತ ಒಯ್ಯುವ ಪರಿಧಮನಿಯ ಬಾಯಿ ಕಿರಿದಾಗಿದ್ದರೆ, ಮಂಪರಿನಲ್ಲಿ ಬಿಪಿ ಇಳಿದೊಡನೆ ಸ್ನಾಯುವಿಗೆ ರಕ್ತ ಸಾಲದೆ ಹೃದಯ ನಿಲ್ಲಬಹುದು. ಹೃದ್ರೋಗ ತಜ್ಞರು ನೋಡದೆ, ಇಂಥ ಮಕ್ಕಳ ಅನುಭವವಿರುವ ಅರಿವಳಿಕೆ ತಜ್ಞರಿಲ್ಲದೆ ಮಂಪರು ಕೂಡದು ಎಂದು ತಿದ್ದಿ, ಮೊದಲ ಪ್ಯಾರಾಕ್ಕೇ ತನ್ನಿ. ನಗುಮುಖ ಆಮೇಲೆ ಬರಲಿ.